ಎಲ್ಲಿ ಮೊದಲು, ಯಾರು ಆಮೇಲೆ

ಗಾಡಿ ಕೆಟ್ಟಾಗ ನಾವು ಕೇಳುವ ಪ್ರಶ್ನೆಗಳು ಎರಡು. ತೊಂದರೆ ಎಲ್ಲಿದೆ ಎಂಬುದು ಒಂದು, ಯಾರು ಕೆಡಿಸಿದರು ಎಂಬುದು ಇನ್ನೊಂದು. ಎರಡೂ ಅಕ್ಕತಂಗಿಯರಂತೆ ಕಂಡರೂ ಯಾವುದನ್ನು ಮೊದಲು ಕೇಳುತ್ತೇವೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಹಳೆಯ ಕಾರೊಂದನ್ನು ಮನೆಯಂಗಳದಲ್ಲೇ ಬಿಚ್ಚಿ ಜೋಡಿಸುವ ಅಭ್ಯಾಸದಿಂದ ನನಗೆ ತಿಳಿದದ್ದು ಇಷ್ಟೇ.

ನಮ್ಮದು ಕಾರ್ಬೊರೇಟರ್ ಕಾಲದ ಮಾರುತಿ 800. 796 ಸಿಸಿಯ, ಮೂರು ಸಿಲಿಂಡರಿನ ಪುಟ್ಟ ಇಂಜಿನ್. ಕಂಪ್ಯೂಟರ್ ಇಲ್ಲವಾದ್ದರಿಂದ ತನಗೇನಾಗಿದೆಯೆಂದು ಅದು ತಾನಾಗಿ ಹೇಳುವುದಿಲ್ಲ, ನಾವೇ ಕೇಳಿ ತಿಳಿಯಬೇಕು. ಮೂರರಲ್ಲೊಂದು ಸಿಲಿಂಡರ್ ದುಡಿಯದಿದ್ದರೆ ಇಡೀ ಗಾಡಿ ನಡುಗುತ್ತದೆ. ಮೆಕ್ಯಾನಿಕ್‌ಗಳು ಇದಕ್ಕೆ ‘ಮಿಸ್ಸಿಂಗ್’ ಎನ್ನುತ್ತಾರೆ. ದುಡಿಯದೆ ಕೂತದ್ದು ಯಾವುದೆಂದು ಪತ್ತೆ ಮಾಡಲು ಹಳೆಯ ಉಪಾಯವೊಂದಿದೆ. ಇಂಜಿನ್ ಓಡುತ್ತಿರುವಾಗಲೇ, ಷಾಕ್ ಹೊಡೆಯದಂತೆ ಎಚ್ಚರ ವಹಿಸಿ, ಒಂದೊಂದೇ ಪ್ಲಗ್ಗಿನ ವೈರ್ ಕಳಚುವುದು. ಇಂಜಿನ್ ಇನ್ನಷ್ಟು ಕುಗ್ಗಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು ಎಂದರ್ಥ. ಯಾವ ವ್ಯತ್ಯಾಸವೂ ಆಗದಿದ್ದರೆ ಸುಮ್ಮನಿದ್ದದ್ದು ಅದೇ. ನಮ್ಮ ತರ್ಕಶಾಸ್ತ್ರ ಅನ್ವಯ-ವ್ಯತಿರೇಕ ಎನ್ನುವುದೂ ಇಂಥದ್ದನ್ನೇ. ಒಂದು ಇದ್ದಾಗ ಇನ್ನೊಂದು ಇರಬೇಕು, ಅದಿಲ್ಲದಾಗ ಇದೂ ಇರಬಾರದು. ಎರಡನ್ನೂ ನೋಡದೆ ಯಾವುದನ್ನೂ ಕಾರಣವೆಂದು ಕರೆಯುವಂತಿಲ್ಲ.

ಒಂದು ಮಳೆಗಾಲ ನನ್ನ ತಮ್ಮ ಈ ಕಾರಿನಲ್ಲಿ ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿಬಂದ. ಮರುದಿನ ಬೆಳಗ್ಗೆ ಅವನು ಕೆಲಸಕ್ಕೆ ಹೊರಟಾಗ ಇಂಜಿನ್ ಕೆಮ್ಮತೊಡಗಿತು. ಅದರ ಮರುದಿನವೂ ಅದೇ ಪಾಡು. “ಘಾಟಿ ಹತ್ತಿಸೋವಾಗ ಎಳೆದೆಳೆದು ಇಂಜಿನ್ ಮುಗಿಸಿದಾನೆ” ಎಂದರು ದೊಡ್ಡಪ್ಪ. ಊಟ ಮುಗಿಸಿ, ತಾವೇ ಕೂತು ಪೇಟೆಗೆ ಓಡಿಸಿಕೊಂಡು ಹೋದರು. ಗಾಡಿ ಒಂದಿಷ್ಟೂ ತಕರಾರು ಮಾಡಲಿಲ್ಲ. “ನೋಡಿ, ನನ್ನ ಕೈಯಲ್ಲಿ ಹ್ಯಾಗೆ ಓಡ್ತು!” ಎಂದರು. ಇಂಜಿನ್ ಮುಗಿದೇ ಹೋಗಿದ್ದರೆ ಅವರ ಕೈಯಲ್ಲೂ ಓಡಬಾರದಿತ್ತು. ಆದರೆ ಆರೋಪಿ ಮೊದಲೇ ಸಿಕ್ಕಿಬಿಟ್ಟಿದ್ದರೆ ಇಂಥ ವಿರೋಧಗಳು ಯಾರ ಕಣ್ಣಿಗೂ ಬೀಳುವುದಿಲ್ಲ.

ದೊಡ್ಡಪ್ಪ ಸುಳ್ಳು ಹೇಳಿರಲಿಲ್ಲ. ತಮ್ಮ ಕೂತಾಗ ತೊಂದರೆ ಇತ್ತು, ಅವರು ಕೂತಾಗ ಇರಲಿಲ್ಲ. ಮೇಲ್ನೋಟಕ್ಕೆ ಪಕ್ಕಾ ಅನ್ವಯ-ವ್ಯತಿರೇಕವೇ. ಆದರೆ ಬದಲಾದದ್ದು ಒಂದಲ್ಲ, ಎರಡು. ಓಡಿಸುವವರು ಬದಲಾಗಿದ್ದರು, ಹೊತ್ತೂ ಬದಲಾಗಿತ್ತು.

ಪತ್ತೆ ಹಚ್ಚಲು ನನಗೆ ನಾಲ್ಕು ಬೆಳಗು ಬೇಕಾಯಿತು, ಏಕೆಂದರೆ ಇಂಜಿನ್ ಬಿಸಿಯಾದರೆ ತೊಂದರೆ ಮಾಯವಾಗುತ್ತಿತ್ತು. ಸುಮ್ಮನಿದ್ದದ್ದು ಎರಡನೆಯ ಸಿಲಿಂಡರ್. ಗೇಜ್ ತಂದು ಕಂಪ್ರೆಷನ್ ನೋಡಿದರೆ ಮೂರರಲ್ಲೂ ಹೆಚ್ಚುಕಡಿಮೆ ಸಮ. ಇಂಜಿನ್ ಮುಗಿದಿರಲಿಲ್ಲ. ಎರಡನೆಯದರ ಪ್ಲಗ್ಗನ್ನು ಒಂದನೆಯದಕ್ಕೆ ಹಾಕಿದೆ, ಒಂದನೆಯದರದನ್ನು ಎರಡನೆಯದಕ್ಕೆ. ತೊಂದರೆ ಪ್ಲಗ್ಗಿನ ಜೊತೆ ಹೋಗಲಿಲ್ಲ. ವೈರ್ ಬದಲಿಸಿದರೂ ಅಷ್ಟೇ. ಕೊನೆಗೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಳಗೆ ಟಾರ್ಚ್ ಬಿಟ್ಟಾಗ ಕಂಡದ್ದು ಕೂದಲೆಳೆಯಷ್ಟು ತೆಳ್ಳಗಿನ ಕಪ್ಪು ಗೆರೆ. ಕರೆಂಟ್ ಹರಿದು ಹರಿದು ಸುಟ್ಟ ಇಂಗಾಲದ ದಾರಿ ಅದು. ರಾತ್ರಿಯ ತೇವ ಅದರ ಮೇಲೆ ಕೂತರೆ, ಪ್ಲಗ್ಗಿಗೆ ಹೋಗಬೇಕಾದ ಕರೆಂಟ್ ಆ ಗೆರೆ ಹಿಡಿದು ಬೇರೆಡೆಗೆ ಸೋರಿಹೋಗುತ್ತದೆ. ಒಣಗಿದರೆ ಎಲ್ಲ ಸರಿ. ಹೊಸ ಕ್ಯಾಪ್ ಹಾಕಿದೆ, ಮಿಸ್ಸಿಂಗ್ ನಿಂತಿತು. ಖಾತ್ರಿಗೆಂದು ಇನ್ನೊಂದು ಬೆಳಗ್ಗೆ ಹಳೆಯದನ್ನೇ ಹಾಕಿದೆ, ಮತ್ತೆ ಬಂತು. ತಮ್ಮ ಬೆಳಗ್ಗೆ ಹೊರಡುವವನು, ದೊಡ್ಡಪ್ಪ ಊಟವಾದ ಮೇಲೆ ಹೊರಡುವವರು. ವಿಷಯ ಇಷ್ಟೇ.

ತಮ್ಮನಿಗೆ ಆ ಗೆರೆ ತೋರಿಸಿದೆ. “ಹೌದಾ” ಎಂದ. ಆಮೇಲೆ ಅವನು ಆ ಕಾರಿನ ಕೀ ಮುಟ್ಟಿಲ್ಲ, ಬಸ್ಸಿಗೇ ಹೋಗುತ್ತಾನೆ.

ಹಾಗಾದರೆ ಮನುಷ್ಯರನ್ನೂ ಇಂಜಿನ್ನಿನಂತೆ, ಸಿಟ್ಟಿಲ್ಲದೆ, ಬರೀ ಕಾರಣ ಹುಡುಕುತ್ತ ನೋಡಿದರೆ ಸಾಕೇ? ಸಾಲದು. ಪಿ. ಎಫ್. ಸ್ಟ್ರಾಸನ್ ಎಂಬ ಬ್ರಿಟಿಷ್ ತತ್ತ್ವಜ್ಞ 1962ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ, ಸಿಟ್ಟು, ಕೃತಜ್ಞತೆ, ಕ್ಷಮೆ ಇವೆಲ್ಲ ಮನುಷ್ಯ ಸಂಬಂಧದ ಒಳಗೇ ಇರುವಂಥವು ಎಂದು ವಾದಿಸುತ್ತಾನೆ. ಇವನ್ನೆಲ್ಲ ಬದಿಗಿಟ್ಟು ಎದುರಿನವರನ್ನು ಸರಿಪಡಿಸಬೇಕಾದ ವಸ್ತುವಿನಂತೆ ಕಂಡರೆ ಆ ಸಂಬಂಧದಿಂದಲೇ ಹೊರಗೆ ಬಂದಂತೆ. ನನಗೆ ಇದು ಸರಿಯೆನಿಸುತ್ತದೆ. ತಮ್ಮ ನಿಜಕ್ಕೂ ಆಯಿಲ್ ನೋಡದೆ ಗಾಡಿ ಓಡಿಸಿ ಕೆಡಿಸಿದ್ದರೆ ಅವನನ್ನು ಗದರಲೇಬೇಕಿತ್ತು. ಹೊಣೆ ಹೊರಬಲ್ಲವನೆಂದು ಒಪ್ಪಿದವರನ್ನಷ್ಟೇ ನಾವು ಗದರುತ್ತೇವೆ. ಕೆಟ್ಟ ಕ್ಯಾಪನ್ನು ಯಾರೂ ಗದರುವುದಿಲ್ಲ.

ಆದ್ದರಿಂದ ನನ್ನ ತಕರಾರು ಗದರುವುದರ ಬಗ್ಗೆ ಅಲ್ಲ, ಅದು ಯಾವಾಗ ಬರಬೇಕು ಎಂಬುದರ ಬಗ್ಗೆ. ಪ್ಲಗ್ಗನ್ನು ಅನುಮಾನಿಸಿ ಕಳಚಿದರೂ, ತಪ್ಪಿಲ್ಲವೆಂದು ವಾಪಸ್ ಹಾಕಿದರೆ ಅದು ಮೊದಲಿನಂತೆಯೇ ಕಿಡಿ ಕೊಡುತ್ತದೆ. ನಮ್ಮ ಅನುಮಾನ ಅದಕ್ಕೆ ಕೇಳಿಸಿರುವುದಿಲ್ಲ. ಮನುಷ್ಯನಿಗೆ ಕೇಳಿಸುತ್ತದೆ. ಅವನ ಮೇಲಿನ ಅನುಮಾನ ನಿಜವಾಗಲಿ ಸುಳ್ಳಾಗಲಿ, ಬಾಯಿಂದ ಹೊರಬಿದ್ದ ಕೂಡಲೇ ಅವನಲ್ಲಿ ಏನನ್ನೋ ಬದಲಿಸಿಬಿಡುತ್ತದೆ. ಹಾಗೆ ಬದಲಾದದ್ದಕ್ಕೆ ಅಂಗಡಿಯಲ್ಲಿ ಹೊಸ ಬಿಡಿಭಾಗ ಸಿಗುವುದಿಲ್ಲ. ಕಬ್ಬಿಣಕ್ಕೆ ನಾಲ್ಕು ಬೆಳಗಿನ ತಾಳ್ಮೆ ಕೊಡಬಲ್ಲವರು ಮನೆಯವರಿಗೆ ಅದಕ್ಕಿಂತ ಒಂದು ಬೆಳಗನ್ನಾದರೂ ಹೆಚ್ಚು ಕೊಡಬೇಕು.