7,663 ಯೆನ್ನಿನ ಪೂಜೆ

1965ರ ಜನವರಿಯಲ್ಲಿ ಜಪಾನಿನ ತ್ಸು ನಗರಸಭೆ ಒಂದು ವ್ಯಾಯಾಮಶಾಲೆಗೆ ಗುದ್ದಲಿ ಪೂಜೆ ಮಾಡಿಸಿತು. ಅಲ್ಲಿನ ದೇಶೀ ಧರ್ಮವಾದ ಶಿಂತೋದ ಪುರೋಹಿತರು ಬಂದು ನೆಲದ ದೇವತೆಗಳನ್ನು ಶಾಂತಗೊಳಿಸಿದರು. ದಕ್ಷಿಣೆಗೂ ನೈವೇದ್ಯಕ್ಕೂ ಸೇರಿ 7,663 ಯೆನ್ ಖರ್ಚಾಯಿತು. ಜಪಾನಿನಲ್ಲಿ ಮನೆಯಿಂದ ಕಾರ್ಖಾನೆಯವರೆಗೆ ಈ 'ಜಿಚಿನ್‌ಸಾಯ್' ತೀರ ಮಾಮೂಲು. ಆದರೆ ಸಾರ್ವಜನಿಕರ ದುಡ್ಡಿನಲ್ಲಿ ಪೂಜೆ ಯಾಕೆ ಎಂದು ನಗರಸಭೆಯ ಕಮ್ಯುನಿಸ್ಟ್ ಸದಸ್ಯರೊಬ್ಬರು ಕೋರ್ಟಿನ ಮೆಟ್ಟಿಲೇರಿದರು.

ಕೆಳ ನ್ಯಾಯಾಲಯ ಅದನ್ನು ರೂಢಿ ಎಂದಿತು, ನಗೋಯಾ ಹೈಕೋರ್ಟ್ ಧಾರ್ಮಿಕ ವಿಧಿ ಎಂದಿತು. 1977ರಲ್ಲಿ ಸುಪ್ರೀಂ ಕೋರ್ಟಿನ ಹದಿನೈದು ಮಂದಿಯಲ್ಲಿ ಹತ್ತು ನ್ಯಾಯಮೂರ್ತಿಗಳು, ಕೆಲಸ ನಿರ್ವಿಘ್ನವಾಗಿ ಸಾಗಲೆಂದು ಮಾಡುವ ಲೌಕಿಕ ಆಚರಣೆಯಿದು, ಧರ್ಮದಿಂದ ಸರ್ಕಾರವನ್ನು ಬೇರೆಯಿಡುವ ಸಂವಿಧಾನಕ್ಕೆ ಧಕ್ಕೆಯಿಲ್ಲ ಎಂದರು. ಒಪ್ಪದ ಐವರಲ್ಲಿ ಮುಖ್ಯ ನ್ಯಾಯಮೂರ್ತಿ ಫುಜಿಬಯಾಶಿ ಎಕಿಜೊ ಅವರೇ ಇದ್ದರು. ಅವರು ಕ್ರೈಸ್ತರು.

ವ್ಯಾಯಾಮಶಾಲೆಯ ಮಟ್ಟಿಗೆ ಇದು ಅತಿರೇಕದ ಜಗಳವೆಂದೇ ಕಾಣುತ್ತದೆ. ಆದರೆ 'ಇದು ಧರ್ಮವಲ್ಲ, ಸಂಪ್ರದಾಯ' ಎಂಬ ಮಾತು ಜಪಾನಿನಲ್ಲಿ ಅಷ್ಟೇನೂ ಮುಗ್ಧವಲ್ಲ.

ಶತಮಾನಗಳಿಂದ ಒಂದೇ ಆವರಣದಲ್ಲಿ ಪೂಜೆಗೊಳ್ಳುತ್ತಿದ್ದ ಬುದ್ಧನನ್ನೂ ಶಿಂತೋ ದೇವತೆಗಳನ್ನೂ ಮೇಜಿ ಸರ್ಕಾರ 1868ರಲ್ಲಿ ಬೇರೆ ಮಾಡಿತು. ಆಧುನಿಕ ರಾಷ್ಟ್ರಕ್ಕೆ ಅಪ್ಪಟ ಜಪಾನಿ ಗುರುತೊಂದು ಬೇಕಿತ್ತು. 1889ರ ಸಂವಿಧಾನ ಧಾರ್ಮಿಕ ಸ್ವಾತಂತ್ರ್ಯವನ್ನೂ ಕೊಟ್ಟಿತು. ಹಾಗಿದ್ದ ಮೇಲೆ ಎಲ್ಲರನ್ನೂ ದೇಗುಲದ ಮುಂದೆ ತಲೆಬಾಗಿಸುವುದು ಹೇಗೆ? ಉಪಾಯ ಸರಳವಾಗಿತ್ತು: ಶಿಂತೋ ದೇಗುಲ ಧರ್ಮಕ್ಕೆ ಸೇರಿದ್ದೇ ಅಲ್ಲ, ಅಲ್ಲಿ ನಮಿಸುವುದು ಪ್ರಜೆಯ ಕರ್ತವ್ಯ. 1900ರಲ್ಲಿ ಗೃಹ ಸಚಿವಾಲಯದೊಳಗೆ ದೇಗುಲಗಳಿಗೊಂದು, ಧರ್ಮಗಳಿಗೊಂದು ಪ್ರತ್ಯೇಕ ವಿಭಾಗವೇ ಆಯಿತು. 1932ರಲ್ಲಿ ಟೋಕಿಯೊದ ಸೋಫಿಯಾ ವಿಶ್ವವಿದ್ಯಾಲಯದ ಕೆಲವು ಕ್ಯಾಥೊಲಿಕ್ ವಿದ್ಯಾರ್ಥಿಗಳು ಯುದ್ಧದಲ್ಲಿ ಮಡಿದವರ ಯಾಸುಕುನಿ ದೇಗುಲದಲ್ಲಿ ನಮಿಸಲು ಒಪ್ಪದೆ ಹೋದಾಗ ಸೇನೆ ಸಿಟ್ಟಿಗೆದ್ದಿತು. 1936ರಲ್ಲಿ ವ್ಯಾಟಿಕನ್ ಕೂಡ, ಅದು ದೇಶನಿಷ್ಠೆಯ ಶಿಷ್ಟಾಚಾರವಷ್ಟೆ ಎಂದು ಅನುಮತಿ ಕೊಟ್ಟುಬಿಟ್ಟಿತು.

ಸೋಲಿನ ನಂತರ, 1945ರ ಡಿಸೆಂಬರಿನಲ್ಲಿ, ಮಿತ್ರಪಡೆಗಳ ಆದೇಶ ಶಿಂತೋ ಧರ್ಮದಿಂದ ಸರ್ಕಾರವನ್ನು ದೂರವಿಟ್ಟಿತು. ಯುದ್ಧ ಮುಗಿಯುವ ಮುನ್ನ ಜನರನ್ನು ಬಲವಂತಕ್ಕೆ ಒಳಪಡಿಸಿದ 'ಇದು ಧರ್ಮವಲ್ಲ' ಎಂಬ ವಾದವೇ 1977ರಲ್ಲಿ ರಿಯಾಯಿತಿಯ ರೂಪದಲ್ಲಿ ಮರಳಿತು. ಅಳುಕಿದವರ ಅಳುಕಿಗೆ ಕಾರಣವಿತ್ತು.

ಹಾಗೆಂದು ನ್ಯಾಯಾಲಯ ಕಣ್ಣು ಮುಚ್ಚಿ ಕೂತಿಲ್ಲ. ಎಹಿಮೆ ಪ್ರಾಂತ್ಯ ಯಾಸುಕುನಿಗೆ ಕಾಣಿಕೆ ಸಲ್ಲಿಸಿದ್ದನ್ನು 1997ರಲ್ಲಿ ಅದು ಸಂವಿಧಾನಬಾಹಿರ ಎಂದಿತು. ಯುದ್ಧಾಪರಾಧಿಗಳನ್ನೂ ಆರಾಧಿಸುವ ದೇಗುಲಕ್ಕೆ ಕೊಟ್ಟ ಹಣವನ್ನು ಅದು ಗುದ್ದಲಿ ಪೂಜೆಯ ಸಾಲಿಗೆ ಸೇರಿಸಲಿಲ್ಲ. ನಾಹಾ ನಗರಸಭೆ ಕನ್‌ಫ್ಯೂಶಿಯಸ್ ಗುಡಿಗೆ ಉಚಿತವಾಗಿ ಜಾಗ ಬಿಟ್ಟುಕೊಟ್ಟಿದ್ದೂ 2021ರಲ್ಲಿ ತಪ್ಪೆಂದಾಯಿತು. ಸಂಸ್ಕೃತಿ, ಪ್ರವಾಸೋದ್ಯಮ ಎಂಬ ಸಮಜಾಯಿಷಿ ಅಲ್ಲಿ ನಡೆಯಲಿಲ್ಲ.