ಪೂಜಾರಿಯ ಬಾಗಿಲಲ್ಲಿ

‘ದೇವರು ವರ ಕೊಟ್ಟರೂ ಪೂಜಾರಿ ಕೊಡ.’ ತಾಲ್ಲೂಕು ಕಚೇರಿಯ ಮೆಟ್ಟಿಲಿಳಿಯುತ್ತ ಈ ಗಾದೆಯನ್ನು ಗೊಣಗದವರು ನಮ್ಮಲ್ಲಿ ಕಡಿಮೆ. ಮಂಜೂರಾದ ಪಿಂಚಣಿ ಕೈಗೆ ಬಾರದಾಗ, ಆದೇಶವಾದರೂ ಪಹಣಿಯಲ್ಲಿ ಹೆಸರು ಏರದಾಗ ಅದು ತಾನಾಗಿ ನಾಲಿಗೆಗೆ ಬರುತ್ತದೆ. ಗಾದೆಯ ಕನಿಕರವೆಲ್ಲ ಭಕ್ತನ ಕಡೆಗೆ. ದೇವರು ಉದಾರಿ, ಭಕ್ತ ಬಡಪಾಯಿ, ನಡುವೆ ನಿಂತವನು ಕೇಡಿಗ. ಆ ಪೂಜಾರಿ ಯಾಕೆ ಕೊಡುತ್ತಿಲ್ಲ ಎಂದು ಗಾದೆ ಕೇಳುವುದಿಲ್ಲ. ಬೇಡಿದ ವರ ಒಂದು ಮಗುವಾಗಿದ್ದರೆ, ಅದೂ ಕಡಲಾಚೆಯ ಯಾರದೋ ಮಗುವಾಗಿದ್ದರೆ, ಆ ಪ್ರಶ್ನೆ ಕೇಳದೆ ಗತ್ಯಂತರವಿಲ್ಲ.

ಗಾದೆ ಹೇಳಿದ ಹಾಗೆಯೇ ನಡೆದದ್ದೂ ಉಂಟು. 2013ರ ಸೆಪ್ಟೆಂಬರ್‌ನಲ್ಲಿ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯವು ವಿದೇಶಿಯರು ದತ್ತು ಪಡೆದ ಮಕ್ಕಳಿಗೆ ದೇಶ ಬಿಡುವ ಅನುಮತಿ ಪತ್ರ ಕೊಡುವುದನ್ನು ನಿಲ್ಲಿಸಿತು. ಅಲ್ಲಿನ ನ್ಯಾಯಾಲಯಗಳೇ ದತ್ತು ಆದೇಶ ಕೊಟ್ಟಿದ್ದವು. ಕಾನೂನಿನ ಪ್ರಕಾರ ಅಪ್ಪ ಅಮ್ಮ ಆಗಿಹೋಗಿದ್ದವರು ಅಮೆರಿಕ, ಯುರೋಪುಗಳಲ್ಲಿ. ಅವರ ಮಕ್ಕಳು ಕಾಂಗೋದ ಕಿನ್ಶಾಸಾದಲ್ಲಿ. ಕೆಲವು ತಾಯಂದಿರು ಅಲ್ಲಿಗೇ ಹೋಗಿ ಮನೆ ಮಾಡಿದರು. ಉಳಿದವರು ತಮ್ಮ ಸಂಸದರ ಬಾಗಿಲು ತಟ್ಟಿದರು, ಚರ್ಚುಗಳಲ್ಲಿ ಮೊಣಕಾಲೂರಿದರು. 2015ರ ಕೊನೆಯಿಂದ ಕಂತು ಕಂತಾಗಿ ಮಕ್ಕಳನ್ನು ಬಿಡತೊಡಗಿದರು. ಕಾಂಗೋ ಸರ್ಕಾರದ ಬಳಿ ಕಾರಣಗಳಿದ್ದವು: ಸುಳ್ಳು ದಾಖಲೆಗಳ ದೂರು, ವಿದೇಶಕ್ಕೆ ಹೋದ ಮಕ್ಕಳನ್ನು ಮತ್ತೆ ಬೇರೆಯವರ ಕೈಗೆ ದಾಟಿಸಿದ ಸುದ್ದಿ. ಕಾರಣ ಸಾಚಾ ಎಂದೇ ಒಪ್ಪೋಣ. ಆದರೆ ಒಂದೊಂದೇ ಕಡತ ತೆಗೆದು ನೋಡುವ ಕೆಲಸ ಬಿಟ್ಟು ಎಲ್ಲ ಕಡತಗಳ ಮೇಲೂ ಕೂತುಬಿಡುವುದು ಪೂಜಾರಿಕೆಯಲ್ಲ.

ಹಾಗಾದರೆ ಪೂಜಾರಿಯನ್ನು ಬದಿಗೆ ಸರಿಸಿ ಗರ್ಭಗುಡಿಗೆ ನುಗ್ಗಬಹುದೆ? 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾಯಿತು. ಆ ತಿಂಗಳು ಮುಗಿಯುವುದರೊಳಗೆ ಅಮೆರಿಕದ ಹತ್ತು ಮಂದಿ ಬ್ಯಾಪ್ಟಿಸ್ಟ್ ಭಕ್ತರು 33 ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು, ಸರಿಯಾದ ಕಾಗದ ಪತ್ರವಿಲ್ಲದೆ ಡೊಮಿನಿಕನ್ ಗಣರಾಜ್ಯದ ಗಡಿಯಲ್ಲಿ ಸಿಕ್ಕಿಬಿದ್ದರು. ದೇವರ ಕೆಲಸಕ್ಕೆ ಬಂದಿದ್ದೇವೆ ಎಂಬ ನಂಬಿಕೆ ಅವರದು. ಅದು ನಾಟಕ ಎಂದು ನನಗನ್ನಿಸುವುದಿಲ್ಲ. ಆದರೆ ಆ ಮಕ್ಕಳಲ್ಲಿ ಹೆಚ್ಚಿನವರಿಗೆ ತಂದೆ ತಾಯಿ ಬದುಕಿದ್ದರು. ಮಗು ಶಾಲೆ ಕಾಣಲಿ, ಹೊಟ್ಟೆ ತುಂಬ ಉಣ್ಣಲಿ ಎಂದು ಅವರೇ ಕೈಯಾರೆ ಕಳಿಸಿದ್ದರು. ಅವರೂ ದೇವರನ್ನು ನಂಬಿಯೇ ಕಳಿಸಿದವರು. ಎರಡೂ ಕಡೆ ಭಕ್ತಿಯಿತ್ತು. ಈ ಮಗುವನ್ನು ಕೊಟ್ಟವರು ಯಾರು, ಏನೆಂದು ತಿಳಿದು ಕೊಟ್ಟರು ಎಂದು ವಿಚಾರಿಸುವವರು ಮಾತ್ರ ಇರಲಿಲ್ಲ. ‘ಈ ಮಗುವನ್ನು ದೇವರು ನಮಗೆಂದೇ ಇಟ್ಟಿದ್ದಾನೆ’ ಎಂಬ ಮಾತು ಕಾಯುವವರಿಗೆ ಬಲ ಕೊಡುತ್ತದೆ, ನಿಜ. ಅದೇ ಮಾತು ಹೆತ್ತವಳ ಕಿವಿಗೆ ಹೇಗೆ ಕೇಳಿಸೀತು ಎಂದು ಒಮ್ಮೆ ಯೋಚಿಸಬೇಕು.

ಪೂಜಾರಿಯೇ ಪ್ರಸಾದ ಮಾರಲು ಕೂತ ಕಥೆಗೂ ಬರವಿಲ್ಲ. ಚೀನಾದಿಂದ ದತ್ತು ಹೋಗುವುದು ಉತ್ತುಂಗದಲ್ಲಿದ್ದಾಗ ಪ್ರತಿ ಮಗುವಿಗೂ ವಿದೇಶಿ ದಂಪತಿ ಅನಾಥಾಲಯಕ್ಕೆ ಸುಮಾರು 3,000 ಡಾಲರ್ ಕಾಣಿಕೆ ಕೊಡುವ ಪದ್ಧತಿಯಿತ್ತು. 2005ರಲ್ಲಿ ಅಮೆರಿಕವೊಂದಕ್ಕೇ ಸುಮಾರು 7,900 ಮಕ್ಕಳು ಹೋದರು. ಅದೇ ವರ್ಷ ಹುನಾನ್ ಪ್ರಾಂತ್ಯದ ಹೆಂಗ್‌ಯಾಂಗ್‌ನಲ್ಲಿ ಅನಾಥಾಲಯಗಳು ದಲ್ಲಾಳಿಗಳಿಂದ ಹಸುಗೂಸುಗಳನ್ನು ಕೊಳ್ಳುತ್ತಿದ್ದುದು ಬಯಲಾಗಿ, ಮರುವರ್ಷ ಶಿಕ್ಷೆಯೂ ಆಯಿತು. ಅಷ್ಟು ಹಣ ಹರಿಯುವ ಬಾಗಿಲಲ್ಲಿ ಬೇಗ ಬೇಗ ವರ ಸಿಕ್ಕರೆ ಭಕ್ತ ಹಿಗ್ಗುವ ಬದಲು ಹೆದರಬೇಕಿತ್ತು.

ನಮ್ಮ ದೇಶದಲ್ಲಿ ಈ ಬಾಗಿಲಿಗೊಂದು ಕಟ್ಟುಪಾಡು ಬಂದದ್ದು ಒಂದು ಕಾಗದದಿಂದ. ಭಾರತದ ಮಕ್ಕಳನ್ನು ದತ್ತಿನ ನೆಪದಲ್ಲಿ ಹೊರದೇಶಕ್ಕೆ ಸಾಗಿಸಲಾಗುತ್ತಿದೆ ಎಂಬ ವಿದೇಶಿ ಪತ್ರಿಕೆಯ ವರದಿ ಓದಿ ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ನ್ಯಾಯಾಲಯ ಅದನ್ನೇ ಅರ್ಜಿಯೆಂದು ಪರಿಗಣಿಸಿತು. 1984ರಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರು ಕೊಟ್ಟ ತೀರ್ಪು ಮೊದಲು ಮಗುವಿಗೆ ಈ ನೆಲದಲ್ಲೇ ಮನೆ ಹುಡುಕಬೇಕು ಎಂದಿತು. ಬಿಟ್ಟುಕೊಡುವ ತಾಯಿಗೆ ಮನಸ್ಸು ಬದಲಿಸಲು ಸಮಯವಿರಬೇಕು ಎಂದಿತು. ಕಾರಾ, ಅಂದರೆ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಹುಟ್ಟಿದ್ದು ಆ ತೀರ್ಪಿನ ಬೆನ್ನಿಗೆ. ಅಂತರದೇಶೀಯ ದತ್ತು ಕುರಿತ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಅನುಮೋದಿಸಿತು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಒಪ್ಪಿಸಿದ ತಾಯಿಗೆ ಈಗಲೂ ಎರಡು ತಿಂಗಳ ಗಡುವಿದೆ. ಹೊರಗೆ ಕಾಯುವವರಿಗೆ ಆ ಎರಡು ತಿಂಗಳು ಕಚೇರಿಯ ಸೋಮಾರಿತನದಂತೆ ಕಂಡೀತು. ಅದು ಕಚೇರಿಯ ಕಾಲವಲ್ಲ, ಹೆತ್ತವಳ ಕಾಲ.

ಪಾಂಡೆಯವರು ಯಾವ ಮಗುವನ್ನೂ ತಮಗೆ ಕೊಡಿ ಎಂದು ಕೇಳಿದವರಲ್ಲ, ಗಮನಿಸಿ. ಮಗುವಿನ ಪರವಾಗಿ ಮಾತಾಡುವುದು ಎಂದರೆ ನನ್ನ ಮಟ್ಟಿಗೆ ಇದು: ಪೂಜಾರಿಯನ್ನು ಒಲಿಸಿಕೊಳ್ಳುವುದೂ ಅಲ್ಲ, ಹಿಂಬಾಗಿಲು ಹುಡುಕುವುದೂ ಅಲ್ಲ, ನಿನ್ನ ಕೆಲಸವನ್ನು ಹಗಲು ಬೆಳಕಿನಲ್ಲಿ, ಹೇಳಿದ ದಿನದೊಳಗೆ ಮಾಡು ಎಂದು ಎದುರಿಗೆ ನಿಂತು ಕೇಳುವುದು.

ಕನ್ನಡಿಗರ ಮನೆಗಳಿಗೂ ಈ ಬಾಗಿಲು ಹೊಸದಲ್ಲ. ಅಮೆರಿಕದಲ್ಲಿರುವ ಅಣ್ಣನಿಗೆ ಮಕ್ಕಳಿಲ್ಲ; ಊರಿನಲ್ಲಿರುವ ತಮ್ಮ ತನ್ನ ಮೂರನೆಯ ಕೂಸನ್ನು ಅತ್ತಿಗೆಯ ಉಡಿಗೆ ಹಾಕುತ್ತಾನೆ. ದತ್ತಹೋಮ ನಡೆಯುತ್ತದೆ, ಬಂಧು ಬಳಗ ಉಂಡು ಹರಸುತ್ತದೆ, ಉಪನೋಂದಣಿ ಕಚೇರಿಯಲ್ಲಿ ಪತ್ರವೂ ಆಗುತ್ತದೆ. ಅಗ್ನಿಸಾಕ್ಷಿಯಾಗಿ ಆದದ್ದಕ್ಕೆ ಇನ್ನೇನು ಬೇಕು ಎಂದು ಮನೆಯ ಹಿರಿಯರು ಕೇಳುತ್ತಾರೆ. ಆದರೆ ಮಗುವನ್ನು ವಿಮಾನ ಹತ್ತಿಸಲು ಕಾರಾದ ನಿರಾಕ್ಷೇಪಣಾ ಪತ್ರ ಬೇಕು. ಹಿಂದೂ ದತ್ತಕ ಕಾಯ್ದೆಯಡಿ ಆದ ದತ್ತಿಗೆ ಆ ಪತ್ರ ಸಿಗುವ ದಾರಿಯೇ ವರ್ಷಗಟ್ಟಲೆ ಮಸುಕಾಗಿತ್ತು. 2021ರ ಸೆಪ್ಟೆಂಬರ್‌ನಲ್ಲಿ ನಿಯಮ ತಿದ್ದಿ, ಜಿಲ್ಲಾಧಿಕಾರಿಯ ಪರಿಶೀಲನಾ ವರದಿಯ ಮೇಲೆ ಪತ್ರ ಕೊಡಬಹುದು ಎಂದರು. ಇಂಥ ಮನೆಗಳವರು ನ್ಯಾಯಾಲಯಗಳಿಗೆ ಅಲೆದದ್ದರ ಫಲವೂ ಅದರಲ್ಲಿದೆ. ಸ್ವಂತ ಅಣ್ಣ ತಮ್ಮಂದಿರ ನಡುವೆ ಪರಿಶೀಲನೆ ಯಾಕೆ ಎಂಬುದು ಸಿಟ್ಟಿನ ಪ್ರಶ್ನೆ. ಆ ಮನೆಯಲ್ಲಿ ತಮ್ಮನ ಹೆಂಡತಿಯ ಮಾತನ್ನು ಯಾರಾದರೂ ಕೇಳಿದ್ದಾರೆಯೆ ಎಂಬುದು ನನ್ನ ಮರುಪ್ರಶ್ನೆ.

2024ರ ಸೆಪ್ಟೆಂಬರ್ 5ರಂದು ಚೀನಾದ ವಿದೇಶಾಂಗ ವಕ್ತಾರೆ ಮಾವೊ ನಿಂಗ್, ಹತ್ತಿರದ ರಕ್ತಸಂಬಂಧಿಗಳ ಮಕ್ಕಳನ್ನು ಅಥವಾ ಮಲಮಕ್ಕಳನ್ನು ದತ್ತು ಪಡೆಯುವವರನ್ನು ಬಿಟ್ಟು ಬೇರೆ ವಿದೇಶಿಯರಿಗೆ ಇನ್ನು ಮಕ್ಕಳನ್ನು ಕೊಡುವುದಿಲ್ಲ ಎಂದು ಹೇಳಿದರು. ದೇಶವೊಂದು ತನ್ನ ಮಕ್ಕಳನ್ನು ತಾನೇ ಸಾಕುತ್ತೇನೆ ಎಂದರೆ ಆಕ್ಷೇಪಿಸಲು ಏನಿದೆ? ಕೊರಗು ಇರುವುದು ಬೇರೆ ಕಡೆ. ಕೋವಿಡ್‌ ಬಂದು 2020ರಲ್ಲಿ ಬಾಗಿಲು ಹಾಕುವ ಹೊತ್ತಿಗೆ ನೂರಾರು ಮಕ್ಕಳಿಗೆ ಇಂಥ ಮನೆಯೆಂದು ಆಗಲೇ ಗೊತ್ತುಮಾಡಲಾಗಿತ್ತು. ಅವರಲ್ಲಿ ಅನೇಕರು ಕಾಯಿಲೆಯೋ ಅಂಗವೈಕಲ್ಯವೋ ಇರುವವರು. ಅಲ್ಲಿಂದ ಫೋಟೊ ಬಂದಿತ್ತು, ಇಲ್ಲಿಂದ ಉಡುಗೊರೆ ಹೋಗಿತ್ತು, ದೂರದಲ್ಲಿ ಅಪ್ಪ ಅಮ್ಮ ಇದ್ದಾರೆಂದು ಮಗುವಿಗೆ ಹೇಳಿಯೂ ಆಗಿತ್ತು. ಕಾಯುತ್ತಿರುವವರ ಬೇಡಿಕೆ ಚಿಕ್ಕದು: ಬಾಗಿಲು ಪೂರ್ತಿ ತೆರೆಯಬೇಡಿ, ಆಗಲೇ ಹೆಸರು ಹೇಳಿದ ಮಕ್ಕಳ ಕಡತ ಮುಗಿಸಿ. ಅಮೆರಿಕದ ಸಂಸದರು ಪಕ್ಷ ನೋಡದೆ ಅದಕ್ಕೆ ದನಿಗೂಡಿಸಿದರು. ಇದು ನ್ಯಾಯವಾದ ಬೇಡಿಕೆ. ಕೇಳುವವರ ಭಕ್ತಿ ದೊಡ್ಡದೆಂಬ ಕಾರಣಕ್ಕಲ್ಲ, ಮಾತು ಕೊಟ್ಟದ್ದು ಮಗುವಿಗೆ ಎಂಬ ಕಾರಣಕ್ಕೆ. ಗಾದೆಯ ಸರದಿಯಲ್ಲಿ ನಾವು ಭಕ್ತನನ್ನು ಮುಂದೆ ನಿಲ್ಲಿಸುತ್ತೇವೆ. ವರ ಬೇಡಿ ನಿಂತದ್ದು ಮಗು ಎಂದುಕೊಂಡು ಓದಿದರೆ ದಂಪತಿಗಳೂ ಕಚೇರಿಯೂ ಅದರ ಹಿಂದೆ ಸರಿಯಬೇಕಾಗುತ್ತದೆ.

ಆ ಮಗು ಬೆಳೆದು ತಾನೇ ಬಾಗಿಲಿಗೆ ಬರುತ್ತದೆ ಕೂಡ. 2022ರಲ್ಲಿ ಡೆನ್ಮಾರ್ಕಿನಲ್ಲಿ ಬೆಳೆದ ಕೊರಿಯಾ ಮೂಲದ ದತ್ತುಮಕ್ಕಳು, ಈಗ ನಡುವಯಸ್ಸಿನವರು, ಸೋಲ್‌ನ ಸತ್ಯ ಮತ್ತು ಸಾಮರಸ್ಯ ಆಯೋಗಕ್ಕೆ ಅರ್ಜಿ ಕೊಟ್ಟರು. ಬೇರೆ ದೇಶಗಳ ದತ್ತುಮಕ್ಕಳೂ ಸೇರಿಕೊಂಡು ಅರ್ಜಿಗಳು 367 ಆದವು. 2025ರ ಮಾರ್ಚ್‌ನಲ್ಲಿ ಆಯೋಗ, ಹೆತ್ತವರಿದ್ದ ಮಕ್ಕಳನ್ನು ಅನಾಥರೆಂದು ಬರೆದು ಕಳಿಸಿದ್ದು ನಿಜ, ಅದಕ್ಕೆ ಸರ್ಕಾರವೂ ಹೊಣೆ ಎಂದು ಹೇಳಿತು. ನಮ್ಮಲ್ಲಿ 18 ತುಂಬಿದ ದತ್ತು ಮಗ ಅಥವಾ ಮಗಳು ತನ್ನ ಮೂಲ ಹುಡುಕಲು ತಾನೇ ಅರ್ಜಿ ಹಾಕಬಹುದು. ಹೆತ್ತವರು ಹೆಸರು ಹೇಳಬೇಡಿ ಎಂದರೆ ಹೆಸರು ಸಿಗುವುದಿಲ್ಲ. ಯಾವ ಸ್ಥಿತಿಯಲ್ಲಿ, ಯಾವ ಕಾರಣಕ್ಕೆ ಬಿಟ್ಟುಕೊಟ್ಟರು ಎಂಬುದನ್ನು ಮಾತ್ರ ಹೇಳಲೇಬೇಕು ಎಂದು ನಿಯಮದಲ್ಲಿದೆ.