ದೊಡ್ಡಪತ್ರೆಯ ಬನ್ನು

ಪಿಜ್ಜಾ ತರಿಸಿದಾಗಲೆಲ್ಲ ಜೊತೆಗೆ ಬರುವ ಒರಿಗ್ಯಾನೊ ಪೊಟ್ಟಣಗಳನ್ನು ಎಸೆಯಲು ಮನಸ್ಸಾಗದೆ ಅಡುಗೆಮನೆಯ ಡ್ರಾಯರಿನಲ್ಲಿ ಕೂಡಿಡುತ್ತ ಬಂದಿದ್ದೆ. ಮೊನ್ನೆ ಭಾನುವಾರ ಖಾರಾ ಬನ್ ಮಾಡಲು ಹೊರಟವನು ಒಂದನ್ನು ಹರಿದು ಮೂಸಿದರೆ ಒಣಹುಲ್ಲಿನ ವಾಸನೆ. ಬಾಲ್ಕನಿಗೆ ಹೋಗಿ ದೊಡ್ಡಪತ್ರೆಯ ಒಂದೆಲೆ ಚಿವುಟಿ ಬೆರಳಲ್ಲಿ ಹೊಸಕಿದೆ. ಪೊಟ್ಟಣದಲ್ಲಿ ಇರಬೇಕಾದ ಘಮ ಕುಂಡದಲ್ಲಿತ್ತು.

ಇದು ಮೂಗಿನ ಭ್ರಮೆಯಲ್ಲ. ದೊಡ್ಡಪತ್ರೆ, ಓಮ, ಒರಿಗ್ಯಾನೊ ಮೂರಕ್ಕೂ ಆ ಕಟುವಾದ ಪರಿಮಳ ಬರುವುದು ಥೈಮಾಲ್, ಕಾರ್ವಕ್ರಾಲ್ ಎಂಬ ಅವಳಿಗಳಂಥ ಎರಡು ಅಂಶಗಳಿಂದ, ಪ್ರಮಾಣದಲ್ಲಷ್ಟೇ ಹೆಚ್ಚುಕಡಿಮೆ. ಇಂಗ್ಲಿಷಿನಲ್ಲಿ ದೊಡ್ಡಪತ್ರೆಗೆ ಕ್ಯೂಬನ್ ಒರಿಗ್ಯಾನೊ ಎಂಬ ಹೆಸರೂ ಉಂಟು. ಅದು ಕ್ಯೂಬಾ ಮೂಲದ್ದೂ ಅಲ್ಲ, ಒರಿಗ್ಯಾನೊ ಜಾತಿಯದ್ದೂ ಅಲ್ಲ. ತುಳಸಿ, ಪುದೀನದ ಬಳಗ ಎನ್ನುವುದೇನೋ ನಿಜ. ಕರಾವಳಿಯವರು ಸಾಂಬಾರ ಸೊಪ್ಪು ಎಂದು ಕರೆದು ಸುಮ್ಮನಾದರು. ನನಗೆ ಅದೇ ಸರಿ ಅನಿಸುತ್ತದೆ.

250 ಗ್ರಾಂ ಮೈದಾಕ್ಕೆ ಒಂದು ಹಿಡಿ ಹಸಿ ಎಲೆ ಹೆಚ್ಚಿ ಹಾಕಿ ನಾದಿದೆ. ಎಲೆ ರಸಭರಿತ, ನಾದಿದಷ್ಟೂ ನೀರು ಬಿಟ್ಟುಕೊಂಡಿತು. ಗಂಟೆಯೊಳಗೆ ಎರಡರಷ್ಟಾಗಬೇಕಿದ್ದ ಹಿಟ್ಟು ಎರಡು ಗಂಟೆಯಾದರೂ ಮುನಿಸಿಕೊಂಡ ಮಗುವಿನಂತೆ ಪಾತ್ರೆಯ ತಳದಲ್ಲೇ ಕೂತಿತ್ತು. ಯೀಸ್ಟ್ ಹಳತೇ? ಅಲ್ಲ, ಉಗುರುಬೆಚ್ಚಗಿನ ಹಾಲಿನಲ್ಲಿ ಚೆನ್ನಾಗಿಯೇ ನೊರೆ ಎದ್ದಿತ್ತು. ನನ್ನ ಅನುಮಾನ ಎಲೆಯ ಮೇಲೆ. ಕಾರ್ವಕ್ರಾಲ್ ಶಿಲೀಂಧ್ರಗಳನ್ನು ತಡೆಯುವಂಥದ್ದು, ಯೀಸ್ಟ್ ಕೂಡ ಒಂದು ಶಿಲೀಂಧ್ರವೇ. ಬೇಡದ ಬೂಷ್ಟು ಯಾವುದು, ಬೇಕಾದ ಯೀಸ್ಟ್ ಯಾವುದು ಅಂತ ಎಲೆಗೇನು ಗೊತ್ತು! ಹಾಗೂ ಹಟ ಬಿಡದೆ ಓವನ್ನಿಗಿಟ್ಟೆ. ಹೊರಬಂದದ್ದು ರುಬ್ಬುವ ಗುಂಡು.

ಸಾಗರದಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಯೀಸ್ಟ್ ಅಂದರೇನು ಅಂತ ಕೂಡ ಕೇಳಲಿಲ್ಲ. “ಅಲ್ವೋ, ದೊಡ್ಡಪತ್ರೆನ ಯಾರಾದ್ರೂ ಹಸೀದೇ ಹಾಕ್ತಾರೇನೋ? ತಂಬುಳಿಗೆ ಮೊದ್ಲು ಏನ್ ಮಾಡ್ತೀವಿ?”

ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸುತ್ತೇವೆ. ಆಮೇಲೆ ತೆಂಗಿನತುರಿ, ಮಜ್ಜಿಗೆ. ಇಷ್ಟು ವರ್ಷ ಉಂಡವನಿಗೆ ಅದು ತೋಚಲೇ ಇಲ್ಲ. ಓವನ್ನಿನ ಮುಂದೆ ನಿಂತರೆ ನಮ್ಮ ಒಲೆಯ ಬುದ್ಧಿ ಯಾಕೋ ಮರೆತುಹೋಗುತ್ತದೆ. ಅಯ್ಯಂಗಾರ್ ಬೇಕರಿಯವರು ಹಾಗೆ ಮರೆಯಲಿಲ್ಲ. ಪರದೇಶದ ಬ್ರೆಡ್ಡಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಬೆರೆಸಿ ಅದನ್ನು ನಮ್ಮ ಸಂಜೆಯ ತಿಂಡಿ ಮಾಡಿಬಿಟ್ಟರು.

ಎರಡನೆಯ ಸಲ ಎಲೆಯನ್ನು ತುಪ್ಪದಲ್ಲಿ ನೀರಾರುವ ತನಕ ಬಾಡಿಸಿ, ತಣಿಸಿ, ಹಿಟ್ಟು ಒಮ್ಮೆ ಉಬ್ಬಿದ ಮೇಲೆ ಈರುಳ್ಳಿಯೊಂದಿಗೆ ಮಡಚಿ ಸೇರಿಸಿದೆ. ಎಲೆ ಕಪ್ಪಗಾಗಿ ಮುದುಡಿತ್ತು, ನೋಡಲು ಚೆಂದವಿರಲಿಲ್ಲ. 180 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ. ಹದಿನೈದಕ್ಕೇ ಘಮ ಮೆಟ್ಟಿಲಿಳಿದು ಕೆಳಗಿನ ಮನೆ ತಲುಪಿರಬೇಕು, ಅಲ್ಲಿನ ಅಜ್ಜಿ ಬಂದು, “ಯಾರಿಗಪ್ಪಾ ನೆಗಡಿ?” ಎಂದು ಕೇಳಿದರು.

ಅವರಿಗೆ ಬಿಸಿಬಿಸಿ ಎರಡು ಬನ್ನು ಕೊಟ್ಟೆ. ಕುಂಡ ಈಗ ಬೋಳು. ಉಳಿದ ಒಂದು ಗೆಣ್ಣನ್ನು ಮುರಿದು ಖಾಲಿ ಯೀಸ್ಟ್ ಡಬ್ಬಿಯ ಮಣ್ಣಿನಲ್ಲಿ ಊರಿದ್ದೇನೆ.